ನಕ್ಷತ್ರದ ಪಟಕ್ಕೆ ಅರ್ಥ ಹೇಳಿದ್ದು

ಹೆಗ್ಗದ್ದೆಯಲ್ಲಿ ಚಲುವಯ್ಯನನ್ನು ಯಾರೂ ಬರೀ ಚಲುವಯ್ಯ ಎನ್ನುತ್ತಿರಲಿಲ್ಲ, ಅರ್ಥದ ಚಲುವಯ್ಯ ಎನ್ನುತ್ತಿದ್ದರು. ಎರಡೆಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು ಅವನ ಹೊಟ್ಟೆಪಾಡು. ಸೋಮವಾರ ಸೋಮವಾರ ಈಶ್ವರನ ಗುಡಿಯ ಜಗಲಿಯಲ್ಲಿ ಕೂತು ಹಳೆಯ ಕಾವ್ಯದ ಪದ್ಯಗಳಿಗೆ ಅರ್ಥ ಹೇಳುವುದು ಅವನಿಗೆ ಹೆಸರು ತಂದದ್ದು. ಪದ್ಯ ಓದುತ್ತಿದ್ದವನು ದೇವೇಂದ್ರ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತನಾದವನು. ಮೂವತ್ತೊಂದು ವರ್ಷ ಒಬ್ಬ ಓದಿದ, ಇನ್ನೊಬ್ಬ ಹೇಳಿದ. ದೇವೇಂದ್ರ ರಾಗ ಎಳೆದು ನಿಲ್ಲಿಸಿದ ಕಡೆ ಚಲುವಯ್ಯ ಬಾಯಿ ತೆರೆಯುತ್ತಿದ್ದ. ಊರಿನವರ ಬಾಯಲ್ಲಿ ಅವರು ಒಂದು ಜೊತೆ ಎತ್ತು: ಒಂದನ್ನು ಬಿಚ್ಚಿದರೆ ಇನ್ನೊಂದು ನೊಗಕ್ಕೆ ಬಾರದು.

ಹೋದ ಬೇಸಿಗೆಯಲ್ಲಿ ಚಲುವಯ್ಯನ ಹೆಂಡತಿ ಇಂದ್ರಮ್ಮ ಮೆಣಸು ಒಣಗಿಸುವ ಕಣದಲ್ಲೇ ಕುಸಿದಳು. ಜೀಪು ಸಕಲೇಶಪುರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹನ್ನೊಂದನೆಯ ದಿನ ಬಂಧುಗಳೆಲ್ಲ ಸೇರಿದಾಗ, ಬೇಡಪ್ಪ ಎಂದರೂ ಕೇಳದೆ, ಅರ್ಥ ಹೇಳಲು ಅವನೇ ಕೂತ. ದೇವೇಂದ್ರ ಓದಿದ. ಚಲುವಯ್ಯ ದೇಹ ಪಂಜರ ಎಂದ, ಜೀವ ಗಿಳಿ ಎಂದ, ಬಾಗಿಲು ತೆರೆದ ಮೇಲೆ ಗಿಳಿಗೆ ಪಂಜರದ ಹಂಗೇನು ಎಂದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಪಕ್ಕದ ತೋಟದ ಜವರಪ್ಪ ಕಣ್ಣೊರೆಸಿಕೊಳ್ಳುತ್ತಾ, "ಸತ್ತೋಳೇ ಎದ್ದು ಕೂತು ಕೇಳ್ಬೇಕು, ಹಂಗ್ ಹೇಳ್ದ ಕಣಪ್ಪ" ಎಂದ.

ಚಲುವಯ್ಯನಿಗೆ ಮಾತ್ರ ತನ್ನ ದನಿ ಪಕ್ಕದ ಮನೆಯ ರೇಡಿಯೋದಿಂದ ಬಂದ ಹಾಗೆ ಕೇಳಿಸಿತ್ತು. ಜವರಪ್ಪನ ತಾಯಿ ಸತ್ತಾಗ ಹೇಳಿದ್ದೂ ಇದೇ ಗಿಳಿ. ಗಿಳಿ ಹಾರಿತು ಎನ್ನುವಾಗ ಕೈ ಎಲ್ಲಿ ಏಳಬೇಕೋ ಅಲ್ಲೇ ತಾನಾಗಿ ಎದ್ದಿತು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಚಿವುಟಿದ್ದು ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಿಳಿಯುವುದಿಲ್ಲ. ಅಂದಿನಿಂದ ಅವನು ಹಾಗೇ ಇದ್ದ. ಗುಡಿಯ ಜಗಲಿಗೆ ಮತ್ತೆ ಹೋಗಲಿಲ್ಲ. ದುಃಖ, ಹೋಗಲಿ ಬಿಡಿ, ಎಂದರು ಊರವರು. ಅದು ದುಃಖವೇ ಆಗಿದ್ದರೆ ಅವನು ಹೋಗುತ್ತಿದ್ದನೇನೋ. ಹೆಂಡತಿ ಸತ್ತ ಹನ್ನೊಂದನೇ ದಿನವೂ ತಪ್ಪದೆ ನಡೆದ ಆ ನಾಲಿಗೆಯ ಮೇಲೆ ಅವನಿಗೆ ನಂಬಿಕೆ ಹೋಗಿತ್ತು.

ಒಂದು ಮಧ್ಯಾಹ್ನ ಸೊಸೆ ಕೃತಿಕಾ ತಾನೂ ಉಣ್ಣಲು ಕೂತು ಒಂದು ತುತ್ತು ಬಾಯಿಗಿಟ್ಟವಳೇ ನಿಲ್ಲಿಸಿದಳು.

"ಮಾವ, ಸಾರಿಗೆ ಉಪ್ಪೇ ಹಾಕಿಲ್ವಲ್ಲ ನಾನು! ಒಂದ್ ಮಾತ್ ಹೇಳ್ಬಾರ್ದಾ?"

ಚಲುವಯ್ಯ ತಟ್ಟೆ ನೋಡಿಕೊಂಡ. ಅಷ್ಟೂ ಖಾಲಿಯಾಗಿತ್ತು.

"ಚೆನ್ನಾಗೇ ಇತ್ತು ಕಣವ್ವ."

ಅವಳು ನಗಲೂ ಆಗದೆ ಬೈಯಲೂ ಆಗದೆ ಒಳಗೆ ಹೋದಳು.

ಆ ಮಳೆಗಾಲದಲ್ಲಿ ದೇವೇಂದ್ರನಿಗೆ ಗಂಟಲಲ್ಲಿ ಗಂಟು ಎಂದರು. ಹಾಸನದಲ್ಲಿ ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ದೀಪಾವಳಿಗೆ ಊರಿಗೆ ಬಂದಾಗ ಕೊರಳಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ, ಕೈಯಲ್ಲಿ ಸ್ಲೇಟು ಬಳಪ. ಉಸಿರಾಡಿದರೆ ಬಟ್ಟೆಯ ಹಿಂದೆ ಸಣ್ಣಗೆ ಸಿಳ್ಳೆ. ಚಲುವಯ್ಯ ಹೋಗಿ ನೋಡಿಕೊಂಡು ಬಂದ. ಒಬ್ಬನಿಗೆ ದನಿ ಇರಲಿಲ್ಲ, ಇನ್ನೊಬ್ಬನಿಗೆ ಮಾತಿರಲಿಲ್ಲ. ಅರ್ಧ ಗಂಟೆ ಎದುರುಬದುರು ಕೂತು ಕಾಫಿ ಕುಡಿದರು.

ಮಾಘದಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ದೇವೇಂದ್ರ ತಾನಾಗಿ ಚಲುವಯ್ಯನ ಮನೆಗೆ ಬಂದ. ಜೊತೆಗೆ ಮಗಳು ಶೃತಿ, ಹೊಂಗಡಹಳ್ಳದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳ ಕೈಯಲ್ಲಿ ದಪ್ಪ ಲಕೋಟೆ. ಒಳಗಿನಿಂದ ಹಲಗೆಯಷ್ಟಗಲದ ಬಣ್ಣದ ಪಟಗಳನ್ನು ತೆಗೆದು ಜಗಲಿಯ ಮೇಲೆ ಹರಡಿದಳು. ಕಪ್ಪು ನೆಲ, ಅದರಲ್ಲಿ ಸುಳಿ, ಹೊಗೆ, ಕಿಡಿ.

"ಆಕಾಶದ್ದು ದೊಡ್ಡಪ್ಪ. ದೊಡ್ಡ ದೊಡ್ಡ ದೂರದರ್ಶಕದಲ್ಲಿ ತೆಗೆದಿದ್ದು. ಅಪ್ಪ ಆಸ್ಪತ್ರೇಲಿ ನನ್ನ ಫೋನಲ್ಲಿ ಇವನ್ನೇ ನೋಡ್ಕೊಂಡು ಮಲಗಿರೋರು. ಒಂದೊಂದಕ್ಕೂ ಸ್ಲೇಟಲ್ಲಿ ಬರೆಯೋರು, ಇದಕ್ಕೆ ಚಲುವ ಏನಂತಾನೆ ಅಂತ. ನಾನು ಪಾಠದಲ್ಲಿರೋದು ಹೇಳೋಕೆ ಹೋದ್ರೆ, ನಿಂದಲ್ಲ, ಅವನ್ದು ಬೇಕು ಅಂತ ಕೈ ಆಡಿಸೋರು. ಅದಕ್ಕೆ ಸಕಲೇಶಪುರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕ್ಸಿದೀನಿ."

ದೇವೇಂದ್ರ ಸ್ಲೇಟು ತಿರುಗಿಸಿ ತೋರಿಸಿದ. ನಾಳೆ ಸೋಮವಾರ. ಗುಡಿಗೆ ಬಾ.

"ಪದ್ಯ ಇಲ್ದೆ ಅರ್ಥ ಎಂಗ್ಲಾ ಹೇಳಾದು?" ಎಂದ ಚಲುವಯ್ಯ.

ದೇವೇಂದ್ರ ಅಂಗೈಯಿಂದ ಒರೆಸಿ ಬರೆದ: ಇದೇ ಪದ್ಯ. ಮತ್ತೆ ಒರೆಸಿದ. ಈ ಸಲ ಬಳಪ ತುಸು ಹೊತ್ತು ನಿಂತು ಬರೆಯಿತು: ನಾನು ಓದ್ತೀನಿ.

ಚಲುವಯ್ಯನಿಗೆ ತಿಳಿಯಿತು. ತಾನು ಹೋಗಿ ಅರ್ಥಕ್ಕೆ ಕೂತರೆ ದೇವೇಂದ್ರ ಓದುವವನು. ಹೋಗದಿದ್ದರೆ ಜನರೆದುರು ಪಟ ಹಿಡಿದು ಕೂತ ಮೂಗ. ಇಷ್ಟು ತಿಳಿದರೂ ಅದು ಎದೆಗೆ ಇಳಿಯಲಿಲ್ಲ. ಮೂವತ್ತೊಂದು ವರ್ಷದ ಋಣ ಎಂದರೆ ಇಲ್ಲ ಎನ್ನಬಾರದು ಎನ್ನುವುದಷ್ಟೇ ನೆನಪಾಯಿತು.

"ಬತ್ತೀನಿ ನಡಿ."

ಮೊದಲೆಲ್ಲ ಓದು ಶುರುವಾಗುತ್ತಿದ್ದುದು ದೀಪ ಹಚ್ಚಿದ ಮೇಲೆ. ಆನೆಗಳು ಕಾಫಿ ತೋಟದಲ್ಲೇ ಬಿಡಾರ ಹೂಡಿದ ಮೇಲೆ ಕತ್ತಲಲ್ಲಿ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಆದ್ದರಿಂದ ಹಗಲು ಮೂರು ಗಂಟೆಗೇ ಜನ ಸೇರಿದರು. ಹದಿನೈದು ಇಪ್ಪತ್ತು ಮಂದಿ ಇದ್ದಿರಬಹುದು. ದೇವೇಂದ್ರ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ತನ್ನ ಮಣೆಯ ಮೇಲೆ ಕೂತ. ಪುಸ್ತಕವಿಡುತ್ತಿದ್ದ ವ್ಯಾಸಪೀಠಕ್ಕೆ ಕೈಮುಗಿದು ಮೊದಲನೆಯ ಪಟ ಇಟ್ಟ. ಕಪ್ಪಿನಲ್ಲಿ ಬೆಳ್ಳಗೆ ಸುತ್ತಿಕೊಂಡ ಒಂದು ಸುಳಿ.

"ಇದು ನಕ್ಷತ್ರಗಳ ಗುಂಪು, ಗ್ಯಾಲಕ್ಸಿ" ಎಂದಳು ಶೃತಿ. "ಇದರೊಳಗೆ ಕೋಟಿ ಕೋಟಿ ಸೂರ್ಯರಿದಾರೆ."

"ನಮ್ಮ ಕಾಫಿ ಹಣ್ಣು ಸುಲಿಯೋ ಪಲ್ಪರಿನ ತೊಟ್ಟೀಲಿ ನೀರು ತಿರುಗ್ದಂಗ್ ಐತಲ್ಲ ಮಾರಾಯ" ಎಂದ ಜವರಪ್ಪ. "ಇಲ್ನೋಡು, ಇದು ಸೊಂಡ್ಲು. ಇದು ಕಿವಿ."

"ನಿಂಗೆ ಎಲ್ ನೋಡುದ್ರೂ ಆನೇನೇ ಕಣೋ" ಎಂದಳು ಹಾಲಿನ ಡೈರಿಯ ಕೆಂಚಮ್ಮ. "ಬೇಲಿ ಮುರ್ದಿದ್ದು ಸಾಲ್ದು ಅಂತ ಆಕಾಶಕ್ಕೂ ಹತ್ತುಸ್ತಾವ್ನೆ."

ನಗು ಅಡಗಿದ ಮೇಲೆ ಎಲ್ಲರೂ ಚಲುವಯ್ಯನ ಕಡೆ ತಿರುಗಿದರು. ಬಾಯಿ ತೆರೆದರೆ ಸಾಕಾಗಿತ್ತು, ಮಾತು ಬಂತು. ಇದು ಶಿವನು ಕುಣಿಯುವಾಗ ಬಿಚ್ಚಿಕೊಂಡ ಜಟೆ, ಸಿಕ್ಕಿಕೊಂಡ ಹೂಗಳೇ ಚುಕ್ಕಿಗಳು, ಕುಣಿತ ನಿಂತಿಲ್ಲವಾಗಿ ಸುಳಿಯೂ ನಿಂತಿಲ್ಲ ಎಂದ. "ಆಹಾ" ಎಂದರು ಜನ. ದೇವೇಂದ್ರ ಕಣ್ಣು ಮುಚ್ಚಿ ತಲೆದೂಗಿದ. ಚಲುವಯ್ಯನಿಗೆ ಮತ್ತೆ ಪಕ್ಕದ ಮನೆಯ ರೇಡಿಯೋ ಕೇಳಿಸಿತು. ಅವನು ಪಟವನ್ನು ನೋಡಿದ್ದು ಒಂದೇ ಸಲ, ಅದೂ ವಾರೆಗಣ್ಣಿನಲ್ಲಿ.

ಎರಡನೆಯ ಪಟ ಬಂತು. ಹೊರಗೆ ಕೆಂಪು ಅಂಚು, ಒಳಗೆ ಹಳದಿ, ಅದರೊಳಗೆ ತಿಳಿ ನೀಲಿ. ಗುಂಡಗೆ, ದಳದಳವಾಗಿ, ನಡುವೆ ಬಿಳಿ ಚುಕ್ಕಿ. ನಾಲಿಗೆ ಅದಕ್ಕೂ ಸಿದ್ಧವಿತ್ತು. ಇದು ನಾಭಿಯಿಂದ ಎದ್ದ ಕಮಲ ಎಂದ. ಸೃಷ್ಟಿ ಎನ್ನುವುದು ಇಲ್ಲೇ ಮೊಳೆಯುವುದು. ನಡುವಿನದು ಬೀಜ, ಸುತ್ತಲಿನದು ಗರ್ಭದ ನೀರು. ತಾಯಿಯ ಹೊಟ್ಟೆಗೂ ಆಕಾಶಕ್ಕೂ ಅಳತೆ ಬೇರೆ, ರೀತಿ ಒಂದೇ. ಕೈ ಏಳಬೇಕಾದಲ್ಲಿ ಎದ್ದಿತು.

ಕೆಂಚಮ್ಮ ಕಣ್ಣು ಒದ್ದೆ ಮಾಡಿಕೊಂಡಳು. "ಶೃತವ್ವ, ಈ ಪಟ ನಂಗ್ ಕೊಡವ್ವ. ನಮ್ಮ ಮಗ್ಳು ನಯನಂಗೆ ಈಗ ಏಳು ತಿಂಗ್ಳು. ಹುಟ್ಟೋ ಜಾಗದ ಪಟ, ದಿನಾ ಎದ್ದೇಟ್ಗೆ ಬಸುರಿ ಕಣ್ಣಿಗೆ ಬೀಳ್ಲಿ."

ಶೃತಿ ಅಪ್ಪನ ಮುಖ ನೋಡಿದಳು, ಚಲುವಯ್ಯನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ ದೊಡ್ಡಪ್ಪ. ಇದು ಹುಟ್ಟೋದಲ್ಲ. ಇದೊಂದು ಸಾಯ್ತಿರೋ ನಕ್ಷತ್ರ. ತನ್ನ ಮೈಯನ್ನೇ ಪದರಪದರವಾಗಿ ಕಳಚಿ ಹೊರಗೆ ಬಿಟ್ಟಿದೆ. ಆ ಚುಕ್ಕಿ ಇದ್ಯಲ್ಲ, ಅದು ಉಳಿದಿರೋದು" ಎಂದಳು.

ಪಟದ ಕಡೆ ಚಾಚಿದ್ದ ಕೆಂಚಮ್ಮನ ಕೈ ಹಿಂದಕ್ಕೆ ಬಂತು.

"ಅದ್ಕೇನೀಗ?" ಎಂದ ಜವರಪ್ಪ. "ಶಿವನ ಲೆಕ್ಕದಲ್ಲಿ ಹುಟ್ಟಾದೂ ಸಾಯಾದೂ ಒಂದೇಯ. ಮುಂದಿನ್ ಪಟ ಇಕ್ಕಪ್ಪ ದೇವೇಂದ್ರ."

ಚಲುವಯ್ಯನ ನಾಲಿಗೆಯ ತುದಿಗೂ ಅದೇ ಬಂದಿತ್ತು, ಇನ್ನೂ ಚೆನ್ನಾಗಿ: ಕಳಚುವುದೂ ಒಂದು ಹುಟ್ಟೇ ಅಲ್ಲವೇ ಎಂದು. ಹಾಗೆಂದರೆ ಎಲ್ಲ ಸರಿಹೋಗುತ್ತಿತ್ತು, ಇನ್ನೊಂದು "ಆಹಾ" ಕೂಡ ಸಿಗುತ್ತಿತ್ತು. ಆದರೆ ದೇವೇಂದ್ರ ಪಟ ಬದಲಿಸಲಿಲ್ಲ. ಅರ್ಥ ತಪ್ಪಿದರೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ ಎನ್ನುವುದು ಆ ಜಗಲಿಯ ಕಟ್ಟಳೆ. ಓದುವವನು ಅದನ್ನೇ ಮತ್ತೆ ಓದಬೇಕು, ಹೇಳುವವನು ಮತ್ತೆ ಹೇಳಬೇಕು. ದೇವೇಂದ್ರ ಪಟವನ್ನು ಪೀಠದಿಂದ ಎತ್ತಿದ, ಕಣ್ಣಿಗೊತ್ತಿಕೊಂಡ, ಮತ್ತೆ ಅಲ್ಲೇ ಇಟ್ಟ. ಉಸಿರೆಳೆದುಕೊಂಡಾಗ ಕೊರಳಿನ ಬಟ್ಟೆಯ ಹಿಂದೆ ಸಿಳ್ಳೆ ಕೇಳಿಸಿತು. ಷಟ್ಪದಿ ಎತ್ತುವ ಮುಂಚೆ ಅವನು ಯಾವಾಗಲೂ ಹಾಗೆಯೇ ಉಸಿರೆಳೆದುಕೊಳ್ಳುತ್ತಿದ್ದ. ಪದ್ಯ ಬರಲಿಲ್ಲ. ಪದ್ಯದಷ್ಟು ಹೊತ್ತು ಅವನು ಪಟದ ಮೇಲೆ ಕೈಯಿಟ್ಟು ಕೂತ. ಆಮೇಲೆ ಕೈ ತೆಗೆದ.

ಚಲುವಯ್ಯ ಮಣೆಯಿಂದ ಮುಂದಕ್ಕೆ ಬಾಗಿ ನೋಡಿದ.

"ಈ ಬಣ್ಣ ಇರೋದೇ ಹಿಂಗಾ?"

"ಇಲ್ಲ ದೊಡ್ಡಪ್ಪ. ನಮ್ಮ ಕಣ್ಣಿಗೆ ಕಾಣ್ದಿರೋ ಬೆಳಕೂ ಇದರಲ್ಲಿದೆ. ಯಾವುದು ಯಾವ ಅನಿಲ ಅಂತ ಗೊತ್ತಾಗ್ಲಿ ಅಂತ ಅವರೇ ಒಂದೊಂದು ಬಣ್ಣ ಕೊಡ್ತಾರೆ."

"ಹಂಗಾದ್ರೆ ನಂಗಿಂತ ಮುಂಚೇನೇ ಒಬ್ಬ ಅರ್ಥ ಹೇಳ್ಬುಟ್ಟವ್ನೆ."

ಯಾರೋ ಕಿಸಕ್ಕೆಂದರು. ಚಲುವಯ್ಯ ನಗಲಿಲ್ಲ.

"ಈ ಕಳಚಿಕೊಂಡಿದ್ದು ಏನಾಯ್ತದೆ?"

"ದೂರ ದೂರ ಹೋಗ್ತಾನೇ ಇರುತ್ತೆ. ಕೆಲವು ಸಾವಿರ ವರ್ಷ ಹಿಂಗೆ ಕಾಣುತ್ತೆ. ಆಮೇಲೆ ಹರಡಿ ಹರಡಿ ಕಾಣದೇ ಹೋಗುತ್ತೆ."

"ಈ ಚುಕ್ಕಿ? ಇದು ತಣ್ಣಗ್ ಐತಾ?"

"ತುಂಬಾ ಬಿಸಿ ಇದೆ. ಆದ್ರೆ ಒಳಗೆ ಈಗ ಏನೂ ಉರೀತಿಲ್ಲ. ಹಿಂದೆ ಉರಿದಿದ್ದರ ಬಿಸಿ ಅಷ್ಟೇ. ನಿಧಾನಕ್ಕೆ ಆರ್ತಾ ಹೋಗುತ್ತೆ."

ಚಲುವಯ್ಯ ಮತ್ತೆ ಹಿಂದಕ್ಕೆ ಕೂತ. ಜನ ಕಾದರು. ನಾಲಿಗೆಯ ಮೇಲೆ ಏನೂ ಸಿದ್ಧವಿರಲಿಲ್ಲ. ಅದು ಅವನಿಗೇ ಹೊಸದು. ಕಂಡದ್ದನ್ನು ಒಂದೊಂದಾಗಿ ಎತ್ತಿಡುವವನಂತೆ ಹೇಳಿದ.

"ನಡುವೆ ಒಂದು ಚುಕ್ಕಿ ಐತೆ. ಸುತ್ತ ಇರೋದು ಅದರಿಂದ ಹೋಗಿದ್ದು. ಹೋಗಿದ್ದು ದೊಡ್ಡದಾಗ್ ಕಾಣ್ತದೆ. ಉಳಿದಿದ್ದು ಚಿಕ್ಕದು. ಇದು ಕಮಲ ಅಲ್ಲ. ಕಮಲ ಅಂದಿದ್ದು ನಾನು. ಪಟ ನೋಡಿ ಅಂದಿದ್ದಲ್ಲ, ಬಾಯಿಗೆ ಬಂತು ಅಂತ ಅಂದೆ."

ಈ ಸಲ ಕೈ ತಾನಾಗಿ ಏಳಲಿಲ್ಲ.

"ನಮ್ಮನೆಯವ್ಳ ಹನ್ನೊಂದನೇ ದಿನಾನೂ ಹಂಗೇ ಮಾಡ್ದೆ. ಗಿಳಿ ಹಾರ್ತು ಅಂದೆ, ನೀವೆಲ್ಲ ಅತ್ರಿ. ನಾನು ಗಿಳಿ ನೋಡ್ಲಿಲ್ಲ. ಜೀಪಲ್ಲಿ ಅವ್ಳ ತಲೆ ನನ್ ತೊಡೆ ಮ್ಯಾಲಿತ್ತು. ಬಾಯಿ ಒಂದ್ ಕಡೀಕೆ ಎಳ್ದಿತ್ತು. ಮೆಣಸಿನ ಧೂಳಿಗೆ ಕೈಯೆಲ್ಲ ಕರ್ರಗಿತ್ತು. ಒಂದ್ ತಿರುವಲ್ಲಿ ತಲೆ ಭಾರ ಆಯ್ತು. ನಾನ್ ಕಂಡಿದ್ದು ಇಷ್ಟೇಯ. ಆ ಭಾರಕ್ಕೆ ಏನರ್ಥ ಅಂತ ನಂಗೊತ್ತಿಲ್ಲ. ಈ ಪಟಕ್ಕೂ ಗೊತ್ತಿಲ್ಲ."

ಅರ್ಥ ಹೇಳುವವನು ಗೊತ್ತಿಲ್ಲ ಎಂದದ್ದನ್ನು ಆ ಜಗಲಿ ಕೇಳಿದ್ದಿಲ್ಲ. "ಆಹಾ" ಎನ್ನಲು ಯಾರಿಗೂ ಬರಲಿಲ್ಲ, ಅಳಲೂ ಬರಲಿಲ್ಲ. ಜವರಪ್ಪ ಕಂಬಕ್ಕೆ ಒರಗಿ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಚಲುವಯ್ಯನ ಕಣ್ಣಲ್ಲಿಯೂ ನೀರಿರಲಿಲ್ಲ. ಎದೆಯೊಳಗೆ ಕೈಯಾಡಿಸಿ ನೋಡಿಕೊಂಡ. ಮೊದಲಿನ ಹಾಗೆಯೇ ಇತ್ತು, ಜೋಮು ಬಿಟ್ಟಿರಲಿಲ್ಲ. ಕೇಳಿದ ದನಿ ಮಾತ್ರ ಪಕ್ಕದ ಮನೆಯದಾಗಿರಲಿಲ್ಲ. ಒರಟಾಗಿ, ಕಫ ಕಟ್ಟಿಕೊಂಡು, ತನ್ನ ಕೊರಳಿನಿಂದಲೇ ಬಂದಿತ್ತು.

"ಇಂದ್ರಮ್ಮನ ಕೈ ಯಾವಾಗ್ಲೂ ಹಂಗೇಯ" ಎಂದಳು ಕೆಂಚಮ್ಮ. "ಮೆಣಸಿನ ಕಾಲ ಮುಗುದ್ರೂ ತಿಂಗ್ಳುಗಟ್ಲೆ ಕರಿ ಹೋಗ್ತಿರ್ಲಿಲ್ಲ."

"ಊಂ" ಎಂದ ಚಲುವಯ್ಯ.

ದೇವೇಂದ್ರ ಪಟದ ಅಂಚು ಹಿಡಿದು ಕಾಯುತ್ತಿದ್ದ. ಹೇಳುವವನು ಮುಂದೆ ಎನ್ನದ ಹೊರತು ಓದುವವನು ಹಾಳೆ ತಿರುಗಿಸುವುದಿಲ್ಲ. ಅವನ ಕಣ್ಣು ಚಲುವಯ್ಯನ ಮೇಲಿತ್ತು. ಸ್ಲೇಟು ಮುಟ್ಟಲಿಲ್ಲ, ಕೈಸನ್ನೆ ಮಾಡಲಿಲ್ಲ. ಅರ್ಥವಿಲ್ಲವೆಂದ ಮೇಲೆ ಇವನು ಎದ್ದು ಹೋದಾನೋ ಎಂಬ ಹೆದರಿಕೆ ಆ ಮುಖದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು.

ಚಲುವಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡ.

"ಮುಂದೆ ಓದು" ಎಂದ.

ದೇವೇಂದ್ರ ಮೂರನೆಯ ಪಟವನ್ನು ಪೀಠದ ಮೇಲಿಟ್ಟ. ಕಪ್ಪು ಹೊಗೆಯ ದೊಡ್ಡ ಕಂಬಗಳಂಥದ್ದು ಏನೋ, ಹಿಂದಿನಿಂದ ಬೆಳಕು. "ಇದು ಸೊಂಡ್ಲು ಅಲ್ಲ ಅಂದ್ರೆ ನಾನ್ ಒಪ್ಪಾದಿಲ್ಲ" ಎಂದು ಜವರಪ್ಪ ಗೊಣಗಿದ. ಕೆಂಚಮ್ಮ ಶ್ ಎಂದಳು. ಚಲುವಯ್ಯ ಬಾಯಿ ತೆರೆಯಲಿಲ್ಲ. ಎರಡೂ ಅಂಗೈ ನೆಲಕ್ಕೂರಿ, ಪೀಠದ ಹತ್ತಿರಕ್ಕೆ ಸರಿದು, ಮೊದಲು ನೋಡತೊಡಗಿದ.