ಎರಡು ಸ್ಪೇಡಿಗೆ ಉತ್ತರ

ಈ ಸಲವೂ ಬೆಂಜಮಿನ್ 'ಡಬಲ್' ಎನ್ನಲಿಲ್ಲ.

ಸುಭಾಷಿಣಿ ಕಂಪ್ಯೂಟರಿನ ಪರದೆಯ ಮೇಲಿನ ಹಸಿರು ಮೇಜನ್ನೇ ನೋಡುತ್ತ, ಮೌಸಿನ ಮೇಲೆ ಕೈಯಿಟ್ಟು ಕುಳಿತಿದ್ದಳು. ಅವಳ ಜೊತೆಗಾರ್ತಿ ಕುಶಲಕ್ಕ ಆರು ಹಾರ್ಟ್ ಕೂಗಿಬಿಟ್ಟಿದ್ದರು. ಬ್ರಿಜ್ ಆಟದಲ್ಲಿ ಆರು ಕೂಗುವುದೆಂದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡನ್ನು ಗೆದ್ದೇ ಗೆಲ್ಲುತ್ತೇವೆಂದು ಮಾತು ಕೊಟ್ಟಂತೆ. ಸುಭಾಷಿಣಿಯ ಕೈಯಲ್ಲಿದ್ದದ್ದು ಹಾರ್ಟಿನ ರಾಜ, ರಾಣಿ, ಗುಲಾಮ. ಉಳಿದದ್ದೆಲ್ಲ ಪುಡಿ ಎಲೆ. ಅವಳು ಮೊದಲಿಗೆ ಎರಡು ಹಾರ್ಟ್ ಎಂದು ಕೂಗಿದ್ದೇ ಕೈ ಬಡವಾಗಿದೆ ಎಂದು ತಿಳಿಸುವುದಕ್ಕೆ. ಫೋನಿನಲ್ಲಿ ಅವರಿಬ್ಬರು ಮಾಡಿಕೊಂಡ ಒಪ್ಪಂದವೇ ಅದು.

ಎಂಟು ಸುತ್ತು ಬಂದವು. ನಾಲ್ಕು ಕಡಿಮೆ. ಸೋಲು ಖಚಿತವಿರುವ ಇಂಥ ಕೂಗಿಗೆ ಎದುರಾಳಿ 'ಡಬಲ್' ಎಂದರೆ ದಂಡ ಹಲವು ಪಟ್ಟು ಏರುತ್ತದೆ. ಮಣಿಪಾಲದ ಕ್ಲಬ್ಬಿನಲ್ಲಿ ಎಲ್ಲರೂ ನಿಜವಾದ ಮೇಜಿನ ಸುತ್ತ ಆಡುತ್ತಿದ್ದ ಕಾಲದಲ್ಲಿ ಬೆಂಜಮಿನ್ ಆ ಪದವನ್ನು ಮೇಜು ಕುಟ್ಟಿ ಹೇಳುತ್ತಿದ್ದರು; ಚಹಾದ ಲೋಟಗಳು ಅಲುಗುತ್ತಿದ್ದವು. ಈಗ ಕಾಪುವಿನ ತಮ್ಮ ಮನೆಯಲ್ಲಿ ಕುಳಿತು, "ಹಾರ್ಡ್ ಲಕ್" ಎಂದು ಟೈಪ್ ಮಾಡಿದ್ದರು. ಅವರ ಜೊತೆಗಾರ್ತಿ ಜಯಮಾಲಾ ಏನನ್ನೂ ಬರೆಯಲಿಲ್ಲ. ಕುಶಲಕ್ಕ "ಸಾರಿ" ಎಂದಷ್ಟೇ ಬರೆದು ಹೊರಗೆ ಹೋದರು.

ಸುಭಾಷಿಣಿ ಎದ್ದು ಅಡುಗೆಮನೆಯ ಗ್ಯಾಸಿನ ತಿರುಪನ್ನು ಮತ್ತೊಮ್ಮೆ ಮುಟ್ಟಿ ನೋಡಿ ಬಂದಳು. ಅದು ಬಂದ್ ಆಗಿಯೇ ಇತ್ತು. ಅವಳು ಎಲ್ಲವನ್ನೂ ಗಮನಿಸುವವಳು. ಉಡುಪಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವಾಗ ಕೊನೆಯ ಬೆಂಚಿನ ಹುಡುಗಿ ಅತ್ತು ಬಂದಿದ್ದಾಳೆಂದು ಹಾಜರಿ ಕರೆಯುವಾಗಲೇ ತಿಳಿಯುತ್ತಿತ್ತು. ಅವಳ ತಾಯಿ ಕೊನೆಗಾಲದಲ್ಲಿ ಉಪ್ಪಿನ ಭರಣಿಗೆ ಸಕ್ಕರೆ ತುಂಬಿಸಿದ್ದನ್ನು ಮೊದಲು ಕಂಡದ್ದೂ ಅವಳೇ. ಮನೆಯವರು ನಕ್ಕಿದ್ದರು. ಅವಳಿಗೆ ಅಂದು ರಾತ್ರಿ ಊಟ ಸೇರಿರಲಿಲ್ಲ.

ಈಗಲೂ ಅದೇ ಭರಣಿ ಕಣ್ಣ ಮುಂದೆ ಬರುತ್ತಿತ್ತು. ಹೋದ ವಾರ ಕುಶಲಕ್ಕ ಎರಡು ಸ್ಪೇಡ್ ಎಂದು ಶುರುಮಾಡಿದಾಗ, ಬಡಕೈ ಎಂದುಕೊಂಡು ಇವಳು ಸುಮ್ಮನೆ ಪಾಸ್ ಮಾಡಿದ್ದಳು. ಆಟ ಮುಗಿದ ಮೇಲೆ ನೋಡಿದರೆ ಅವರ ಕೈಯಲ್ಲಿ ಮೂರು ಎಕ್ಕ, ಮೂರು ರಾಜ! ಮೌಸ್ ಜಾರಿರಬೇಕು ಎಂದು ಅಂದು ಸಮಾಧಾನ ಮಾಡಿಕೊಂಡಿದ್ದಳು. ಮೌಸ್ ಎಷ್ಟು ಸಲ ಜಾರೀತು?

ಬೆಂಜಮಿನ್‌ಗೆ ಫೋನ್ ಮಾಡಿದಳು.

"ಡಬಲ್ ಯಾಕೆ ಹೇಳಲಿಲ್ಲ ನೀವು?"

"ಎಂತ ಮಾರಾಯ್ರೆ, ಮರೆತುಹೋಯಿತು. ಪ್ರಾಯ ಆಯಿತಲ್ವಾ?"

"ನಿಮ್ಮ ಹೆಸರು ಮರೆತೀರಿ, ಡಬಲ್ ಮರೆಯುವ ಜನ ಅಲ್ಲ ನೀವು."

ಆ ಕಡೆ ಅವರು ಕೆಮ್ಮಿದರು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದ ಮನುಷ್ಯ. ಸಾಲ ಕೊಡುವುದಿಲ್ಲ ಎನ್ನುವ ಮೊದಲು ಹೀಗೆಯೇ ಕೆಮ್ಮುತ್ತಿದ್ದರೇನೋ. "ಮುಂದಿನ ತಿಂಗಳು ಮಂಗಳೂರಿನವರ ಜೊತೆ ಇಂಟರ್ನೆಟ್ಟಿನಲ್ಲಿ ಪಂದ್ಯ ಉಂಟಲ್ಲ, ಅದಕ್ಕೆ ನಾನೊಂದು ಯೋಚನೆ ಮಾಡಿದ್ದೇನೆ. ನೀವು ಮತ್ತು ಜಯಮಾಲಾ ಒಂದು ಜೋಡಿ. ನಾನು ನನ್ನ ತಮ್ಮ ಜಾರ್ಜ್‌ನನ್ನು ಕೂರಿಸಿಕೊಳ್ಳುತ್ತೇನೆ. ಕುಶಲಾ ಅವರಿಗೆ ಸ್ವಲ್ಪ ರೆಸ್ಟ್ ಆಗಲಿ. ಪಾಪ, ಅವರ ಯಜಮಾನರು ತಾರಾನಾಥರು ತೀರಿಹೋಗಿ ವರ್ಷ ಆಯಿತಷ್ಟೆ."

ಸುಭಾಷಿಣಿ "ನೋಡೋಣ" ಎಂದು ಫೋನ್ ಇಟ್ಟಳು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಮಂಗಳೂರಿನವರ ಎದುರು ಕ್ಲಬ್ಬಿನ ತಂಡ ಪ್ರತಿಸಲ ಸೋತು ಬಂದಿತ್ತು. ವ್ಯಾನಿನಲ್ಲಿ ಹಿಂದಿರುಗುವಾಗ ಎಲ್ಲರೂ ಮುಖ ಸಿಂಡರಿಸಿಕೊಂಡು ಕೂರುತ್ತಿದ್ದರು. ಒಂದು ಸಲವಾದರೂ ಗೆಲ್ಲಬೇಕೆಂದು ಹೆಚ್ಚು ಆಸೆಪಟ್ಟವಳು, ಮಾತಿನಲ್ಲಿ ಅದನ್ನು ತೋರಗೊಡದವಳು, ಅವಳೇ.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿಗೆ ಜಯಮಾಲಾಳ ಫೋನ್ ಬಂತು. ಗದಗದ ಕಡೆಯವಳು, ಉಡುಪಿಯ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ನಾಲ್ವರ ಮನೆಗೂ ಬ್ರಾಡ್‌ಬ್ಯಾಂಡ್ ಬೇಗ ಬರುವಂತೆ ನೋಡಿಕೊಂಡವಳು ಅವಳೇ.

"ಅಲ್ರೀ ಮೇಡಂ, ಬೆಂಜಮಿನ್ ಅವರು ಹೇಳಬ್ಯಾಡ ಅಂದಾರ. ನನಗ ಹೊಟ್ಯಾಗ ಇಟ್ಕೊಳಾಕ ಆಗವಲ್ದು. ಕುಶಲಾ ಅವರು ಏನ್ ಬರೀತಾರಂತ ನಿಮಗ ಕಾಣೂದಿಲ್ಲ ನೋಡ್ರಿ, ನಮಗ ಕಾಣ್ತೈತಿ."

ಸುಭಾಷಿಣಿಗೆ ಥಟ್ಟನೆ ಅರ್ಥವಾಯಿತು. ಎದುರುಬದುರು ಆಡುವಾಗ ಒಂದು ಕೂಗಿನ ಅರ್ಥವೇನೆಂದು ಎದುರಾಳಿ ಕೇಳಿದರೆ ಹೇಳಬೇಕಾದವರು ಜೊತೆಗಾರರು. ಇಂಟರ್ನೆಟ್ಟಿನಲ್ಲಿ ಹಾಗಲ್ಲ. ಕೂಗಿದವರೇ ಅದರ ಅರ್ಥವನ್ನು ಒಂದು ಪುಟ್ಟ ಚೌಕದಲ್ಲಿ ಬರೆಯಬೇಕು. ಅದು ಎದುರಾಳಿಗಳಿಬ್ಬರಿಗೆ ಕಾಣುತ್ತದೆ. ಸ್ವಂತ ಜೊತೆಗಾರರಿಗೆ ಮಾತ್ರ ಕಾಣುವುದಿಲ್ಲ.

"ಏನು ಬರೆಯುತ್ತಾರೆ?"

"ಎರಡು ಸ್ಪೇಡ್ ಕೂಗಿದ್ರ, 'ಭಾಳ ದೊಡ್ಡ ಕೈ, ಪಾರ್ಟ್ನರ್ ಪಾಸ್ ಮಾಡಂಗಿಲ್ಲ' ಅಂತ ಬರೀತಾರ. ಆಮ್ಯಾಲ ನೀವು ಪಾಸ್ ಮಾಡ್ತೀರಿ. ಒಂದ್ ತಿಂಗಳಿಂದ ಇದ ನಡದೈತಿ. ನಾವು ಹೆಂಗ್ ಡಬಲ್ ಹೇಳೂದ್ರೀ? ಬಿದ್ದವರನ್ನ ಒದ್ದಂಗ ಆಗತೈತಿ."

ಭಾನುವಾರ ಸುಭಾಷಿಣಿ ಮಣಿಪಾಲದಲ್ಲಿ ಬಜಗೋಳಿಯ ಬಸ್ಸು ಹತ್ತಿ ಕಾರ್ಕಳದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಕುಶಲಕ್ಕನ ಊರಾದ ನಿಟ್ಟೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. 'ನಿಮಗೆ ಆಯಾಸ ಆಗುತ್ತಿದೆ' ಎನ್ನುವುದೋ, 'ಈ ಪಂದ್ಯ ಒಂದು ಬಿಡಿ' ಎನ್ನುವುದೋ. ಡಾಕ್ಟರಿಗೆ ತೋರಿಸುವ ಮಾತನ್ನು ಎಲ್ಲಿ ಸೇರಿಸುವುದು? ಕುಶಲಕ್ಕನ ಮಗಳು ಮಾನ್ಯಾಗೆ ಮೊದಲು ತಿಳಿಸಬೇಕಿತ್ತೇ?

ಕುಶಲಕ್ಕನ ಮನೆ ಹಾಸ್ಟೆಲ್‌ಗಳ ಹಿಂದಿನ ಓಣಿಯಲ್ಲಿತ್ತು. ಅಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ತಾರಾನಾಥರು ಕಟ್ಟಿಸಿದ್ದು. ಬೆಲ್ಲ ನೀರು ಕೊಟ್ಟು ಕುಶಲಕ್ಕ ಒಳಗೆ ಬಾಳೆಕಾಯಿ ಪೋಡಿ ಕರಿಯಲು ಹೋದಾಗ ಸುಭಾಷಿಣಿ ಸುತ್ತ ನೋಡಿದಳು. ಕಂಪ್ಯೂಟರನ್ನು ಹಳೆಯ ಇಸ್ಪೀಟು ಮೇಜಿನ ಮೇಲೆಯೇ ಇಟ್ಟಿದ್ದರು. ಹಸಿರು ಬಟ್ಟೆ ಅಂಚಿನಲ್ಲಿ ಸವೆದಿತ್ತು. ಈಚೆಗೊಂದು ಕುರ್ಚಿ. ಮೇಜಿನ ಆಚೆ ಬದಿಗೆ ಇನ್ನೊಂದು. ಅಲ್ಲಿ ಕುಳಿತವರಿಗೆ ಮಾನಿಟರಿನ ಬೆನ್ನು, ವಯರುಗಳು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಆ ಕುರ್ಚಿಯಲ್ಲಿ ಧೂಳಿರಲಿಲ್ಲ.

ಸ್ಟವ್ ಆರಿಸಿದ್ದಾರೆಯೇ, ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿದ್ದಾರೆಯೇ ಎಂದು ಅವಳ ಕಣ್ಣು ಹುಡುಕುತ್ತಿತ್ತು. ಅಡುಗೆಮನೆ ಎಂದಿನಂತೆಯೇ ಇತ್ತು. ಪೋಡಿಗೆ ಉಪ್ಪು ಸರಿಯಾಗಿತ್ತು.

"ಕುಶಲಕ್ಕ," ಎಂದಳು, ಎರಡನೆಯ ಪೋಡಿಯನ್ನು ಮುರಿಯುತ್ತ, "ನಮ್ಮ ಒಪ್ಪಂದದಲ್ಲಿ ಎರಡು ಸ್ಪೇಡ್ ಅಂದರೆ ಎಂತ?"

ಕುಶಲಕ್ಕ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಶಾಲೆಯ ಮಕ್ಕಳು ಮಗ್ಗಿ ಹೇಳುವ ಧಾಟಿಯಲ್ಲಿ ಒಪ್ಪಿಸಿದರು: "ಸ್ಪೇಡ್ ಆರು ಎಲೆ. ಪಾಯಿಂಟ್ ಆರರಿಂದ ಹತ್ತರ ಒಳಗೆ. ಬಡಕೈ. ಎದುರಾಳಿಗೆ ಅಡ್ಡ ಹಾಕಲಿಕ್ಕೆ ಮಾತ್ರ. ಪಾರ್ಟ್ನರ್ ಪಾಸ್ ಮಾಡಬಹುದು. ಪರೀಕ್ಷೆ ಮಾಡಲಿಕ್ಕೆ ಮಣಿಪಾಲದಿಂದ ಬಂದದ್ದಾ ನೀವು?"

ಸುಭಾಷಿಣಿ ಮುರಿದ ಪೋಡಿಯನ್ನು ತಟ್ಟೆಯಲ್ಲಿ ಹಿಂದಿಟ್ಟಳು.

"ತಲೆ ಸರಿ ಉಂಟು ನನ್ನದು. ಮಾನ್ಯಾಳಿಗೆ ಫೋನ್ ಮಾಡಿಲ್ಲ ಅಲ್ವಾ?"

"ಇಲ್ಲ."

"ಪುಣ್ಯ." ಕುಶಲಕ್ಕ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. "ನೀವು ಅವತ್ತು ಫೋನಿನಲ್ಲಿ ಒಂದೊಂದೇ ಹೇಳುತ್ತಾ ಹೋದಿರಿ. ಇದು ಹೀಗೆ, ಅದು ಹಾಗೆ, ಈಗ ಎಲ್ಲರೂ ಆಡುವುದು ಹೀಗೆ ಅಂತ. ನಾನು ಎಲ್ಲದಕ್ಕೂ ಆಯಿತು ಅಂದೆ. ನಮ್ಮವರು ಹೋದ ಮೇಲೆ ಒಬ್ಬಳೇ ಇದ್ದವಳನ್ನು ಕರೆದು ಆಟಕ್ಕೆ ಸೇರಿಸಿದ್ದೀರಿ. ಬೇಡ ಅನ್ನುವುದು ಹೇಗೆ? ಬಾಯಿಪಾಠವೂ ಮಾಡಿದೆ. ಆದರೆ ಎಲೆ ಬಂದ ಕೂಡಲೇ ಕೈ ಹಳೆಯದಕ್ಕೇ ಹೋಗುತ್ತದೆ. ಅವರು ಕಲಿಸಿದ್ದಕ್ಕೆ."

"ಅವರ ಎರಡು ಸ್ಪೇಡ್ ಹೇಗೆ?"

"ಕೈ ದೊಡ್ಡದಿದ್ದರೆ ಮಾತ್ರ ಎರಡು. ನೀವು ಎರಡು ಹಾರ್ಟ್ ಅಂದಾಗ ನಾನು ಆರಕ್ಕೆ ಹೋದದ್ದು ಅದಕ್ಕೇ. ಆಮೇಲೆ ಪಾರ್ಟ್ನರ್ ಪಾಸ್ ಮಾಡುವ ಹಾಗೇ ಇಲ್ಲ. ಒಂದು ಗುಲಾಮ ಕೂಡ ಇಲ್ಲದಿದ್ದರೂ ಬಾಯಿ ಬಿಡಲೇಬೇಕು, 'ಎರಡು ನೋ ಟ್ರಂಪ್' ಅಂತ. ನನ್ನ ಹತ್ತಿರ ಎಂತದೂ ಇಲ್ಲ, ನೀನು ಮುಂದೆ ಹೇಳು, ನಾನು ಇದ್ದೇನೆ. ಅಷ್ಟೇ ಅದರ ಅರ್ಥ." ಕುಶಲಕ್ಕ ನಕ್ಕರು. "ನಾವು ಮದುವೆಯಾದ ವರ್ಷ ಕಲಿತದ್ದು. ಜಗಳ ಆಡಿ ಮಾತು ಬಿಟ್ಟ ದಿನವೂ ಈ ಮೇಜಿನಲ್ಲಿ ಅವರು ಪಾಸ್ ಮಾಡಿದವರಲ್ಲ."

ಸುಭಾಷಿಣಿಯ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟ ಮಾತುಗಳಿದ್ದವು. ಅವನ್ನು ಹಾಗೆಯೇ ಬಿಟ್ಟು, ತಟ್ಟೆ ಎತ್ತಿ ಅಡುಗೆಮನೆಗೆ ಕೊಂಡುಹೋದಳು.

ಬಸ್ಸಿನವರೆಗೆ ಬಿಡಲು ಬಂದ ಕುಶಲಕ್ಕನೇ ಕೊನೆಗೆ ಹೇಳಿದರು: "ಪಂದ್ಯಕ್ಕೆ ನೀವು ಜಯಮಾಲಾ ಜೊತೆ ಕೂತುಕೊಳ್ಳಿ. ನನಗೇನೂ ಬೇಸರ ಇಲ್ಲ. ಬೆಂಜಮಿನ್ ಡಬಲ್ ಹೇಳುವುದು ನಿಲ್ಲಿಸಿದಾಗಲೇ ಹೀಗಾಗುತ್ತದೆ ಅಂತ ಗೊತ್ತಾಯಿತು ನನಗೆ."

ವಾರವಿಡೀ ಸುಭಾಷಿಣಿ ಯೋಚಿಸಿದಳು. ಉತ್ತರ ಪತ್ರಿಕೆ ತಿದ್ದುವಾಗ, ತರಕಾರಿ ಆರಿಸುವಾಗ, ಆ ಫೋನಿನ ಮಾತುಕತೆ ನೆನಪಿಗೆ ಬರುತ್ತಿತ್ತು. ತಾನು ಹೇಳಿದ್ದು ಒಂದೊಂದೂ ನೆನಪಿತ್ತು. ಆ ಕಡೆಯಿಂದ ಬಂದದ್ದು 'ಆಯಿತು' ಒಂದೇ. ಸಣ್ಣ ಸಣ್ಣದನ್ನೂ ಹೆಕ್ಕಿ ನೋಡುವ ತನಗೆ, ಒಂದೇ ಪದ ಅಷ್ಟು ಸಲ ಬಂದದ್ದು ವಿಚಿತ್ರವೆಂದು ಅನಿಸಿರಲೇ ಇಲ್ಲ. ಹೊಸ ಪದ್ಧತಿಯಲ್ಲಿ ಗೆಲ್ಲುವ ಅವಕಾಶ ಹೆಚ್ಚು, ಅದರಲ್ಲಿ ಅನುಮಾನವಿರಲಿಲ್ಲ. ಜಯಮಾಲಾಳ ಜೊತೆ ಕೂತರೆ ಇನ್ನೂ ಹೆಚ್ಚು.

ಶನಿವಾರ ಸಂಜೆ ಅವಳು ಮೊದಲು ಬೆಂಜಮಿನ್‌ಗೆ ಫೋನ್ ಮಾಡಿದಳು. "ನಾನು, ಕುಶಲಕ್ಕ ಒಂದು ಜೋಡಿ. ಬದಲಾವಣೆ ಬೇಡ."

"ಗೆಲ್ಲುವ ಆಸೆ ಬಿಟ್ಟಿರಾ ಹಾಗಾದರೆ?"

"ಬಿಟ್ಟಿಲ್ಲ." ಅದು ನಿಜವೇ ಆಗಿತ್ತು. "ಇನ್ನು ಮೇಲೆ ಡಬಲ್ ಹೇಳಬೇಕಾದಲ್ಲಿ ಡಬಲ್ ಹೇಳಿ. ಇಲ್ಲದಿದ್ದರೆ ನಿಮ್ಮ ಜೊತೆ ಆಡುವುದಿಲ್ಲ ನಾನು."

ಆಮೇಲೆ ನಿಟ್ಟೆಗೆ.

"ಕುಶಲಕ್ಕ, ಎರಡರ ಕೂಗು ನಿಮ್ಮದೇ ಇರಲಿ. ತಾರಾನಾಥರದ್ದು. ನನಗೆ ಇನ್ನೊಮ್ಮೆ ಸರಿಯಾಗಿ ಹೇಳಿಕೊಡಿ."

ಸುಭಾಷಿಣಿ 'ಆಯಿತು' ಎಂಬ ಪದಕ್ಕಾಗಿ ಕಾದಳು; ಅದು ಬರಬಾರದೆಂದೂ ಬಯಸಿದಳು.

"ಹಾಗಾದರೆ ನಿಮ್ಮ ಆ ಟ್ರಾನ್ಸ್‌ಫರ್ ಕೂಡ ನನಗೆ ಬೇಡ," ಎಂದರು ಕುಶಲಕ್ಕ. "ಡೈಮಂಡ್ ಕೂಗಿ ಹಾರ್ಟ್ ಉಂಟು ಅನ್ನುವುದು! ಹೇಳುವುದೊಂದು, ಇರುವುದೊಂದು."

"ಅದು ಇರಲಿ ಕುಶಲಕ್ಕ, ಅದು ಒಳ್ಳೆಯದು. ದೊಡ್ಡ ಕೈ ಅಡಗಿಸಿಡಬಹುದು."

"ಅಡಗಿಸಿ ಎಂತ ಮಾಡಲಿಕ್ಕುಂಟು?"

"ಲೆಕ್ಕ ಹಾಕಿ ನೋಡಿ ಬೇಕಾದರೆ."

"ನಲವತ್ತು ವರ್ಷ ಗಣಿತದ ಮೇಷ್ಟ್ರ ಜೊತೆ ಬಾಳಿದವಳಿಗೆ ಲೆಕ್ಕ ಹೇಳಿಕೊಡ್ತೀಯಾ ನೀನು? ಎಂತ ಜನ ಮಾರಾಯ್ತಿ!"

ಗ್ಯಾಸಿನ ಮೇಲೆ ಇಟ್ಟ ಹಾಲು ಉಕ್ಕಿ ಚೆಲ್ಲಿದ ವಾಸನೆ ಬಂದಾಗಲೇ ಸುಭಾಷಿಣಿಗೆ ಎಚ್ಚರವಾದದ್ದು. ಟ್ರಾನ್ಸ್‌ಫರ್ ಉಳಿಯಿತು. ಬೇರೆ ಎರಡು ಹೊಸ ಕೂಗುಗಳು ಬಿದ್ದುಹೋದವು. ಒಂದರ ಬಗ್ಗೆ ಇನ್ನೂ ಜಗಳ ಮುಗಿದಿರಲಿಲ್ಲ.

ಪಂದ್ಯದ ದಿನ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಕರೆಂಟ್ ಹೋದರೆ ಇರಲೆಂದು ಯುಪಿಎಸ್‌ನ ಕೆಂಪು ದೀಪವನ್ನು ಪರೀಕ್ಷಿಸಿ, ಸುಭಾಷಿಣಿ ಕುಳಿತಳು. ಎಡಕ್ಕೂ ಬಲಕ್ಕೂ ಮಂಗಳೂರಿನ ಇಬ್ಬರು, ಮುಖ ಗೊತ್ತಿಲ್ಲದವರು. ಆಟ ಸಮಸಮವಾಗಿ ಸಾಗಿ, ಕೊನೆಯ ಕೆಲವು ಕೈಗಳು ಮಾತ್ರ ಉಳಿದಿದ್ದವು.

ಹೊಸ ಎಲೆಗಳು ಬಂದವು. ಎಕ್ಕವಿಲ್ಲ, ರಾಜನಿಲ್ಲ, ರಾಣಿಯಿಲ್ಲ. ದೊಡ್ಡದೆಂದರೆ ಡೈಮಂಡಿನ ಹತ್ತು. ಇಂಥ ಕೈ ಬಂದಾಗ ಪಾಸ್ ಎಂದು ಹೇಳಿ, ಬಾಯಿ ಮುಚ್ಚಿ ಕೂರುವುದನ್ನೇ ಅವಳು ಜೀವಮಾನವಿಡೀ ಕಲಿತದ್ದು.

ಎದುರಿನಿಂದ ಕುಶಲಕ್ಕನ ಕೂಗು ಮೂಡಿತು. ಎರಡು ಸ್ಪೇಡ್.

ಬಲಗಡೆಯವರು ಪಾಸ್ ಮಾಡಿದರು. ಸುಭಾಷಿಣಿಯ ಬೆರಳು ಅಭ್ಯಾಸದಂತೆ 'ಪಾಸ್' ಎಂಬ ಗುಂಡಿಯ ಮೇಲೆ ಹೋಗಿ ನಿಂತಿತ್ತು. ಅಲ್ಲಿಂದ ತೆಗೆದಳು. ಎರಡು ನೋ ಟ್ರಂಪ್ ಒತ್ತಿದಳು.

ಎಡಗಡೆಯವರು ತಕ್ಷಣ ಪ್ರಶ್ನೆಯ ಚಿಹ್ನೆ ಕಳಿಸಿದರು. ಪುಟ್ಟ ಚೌಕ ತೆರೆದುಕೊಂಡಿತು. ಸುಭಾಷಿಣಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಟೈಪ್ ಮಾಡಿದಳು: 'ನನ್ನ ಹತ್ತಿರ ಎಂತದೂ ಇಲ್ಲ.' ಒಂದು ಕ್ಷಣ ತಡೆದು, ಉಳಿದರ್ಧವನ್ನೂ ಬರೆದಳು: 'ನೀನು ಮುಂದೆ ಹೇಳು, ನಾನು ಇದ್ದೇನೆ.'

"ಇದು ಹಳೇ ಕಾಲದ ಪದ್ಧತಿ ಅಲ್ವಾ?" ಎಂದು ಅವರು ಬರೆದರು.

"ಹೌದು," ಎಂದು ಸುಭಾಷಿಣಿ ಬರೆದಳು. "ನಮ್ಮದು."

ಅದೊಂದೂ ಕುಶಲಕ್ಕನಿಗೆ ಕಾಣುವಂತಿರಲಿಲ್ಲ. ಎಡಗಡೆಯವರು ಪಾಸ್ ಮಾಡಿದರು. ಮೇಜಿನ ಆಚೆ ತುದಿಯಲ್ಲಿ ಕುಶಲಕ್ಕನ ಹೆಸರಿನ ಸುತ್ತ ಹಳದಿ ಬೆಳಕು ಹತ್ತಿತು. ಸುಭಾಷಿಣಿ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೂಗು ಬರುವುದು ತಡವಾಗುತ್ತಿತ್ತು. ಎದ್ದು ಗ್ಯಾಸಿನ ತಿರುಪು ನೋಡಿ ಬರಬೇಕೆಂದು ಅವಳಿಗೆ ಅನಿಸಲಿಲ್ಲ.