ಅವನ ಕೈಯ ಅಳತೆ

ವಾದ್ಯದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದ್ದು ಅತ್ತೆ. ಐದು ತಿಂಗಳ ನಂತರ ತೆಗೆದದ್ದು ನಾನು. ಶನಿವಾರ ಪ್ರದರ್ಶನವಿತ್ತು. ರಂಗಮಂದಿರದ ಮ್ಯಾನೇಜರ್ ಫೋನಿನಲ್ಲಿ, "ನುಡಿಸೋರು ನೀವಾದ್ರೆ ಸರಿ ಮೇಡಂ. ಇಲ್ಲಾಂದ್ರೆ ಆ ಸಂಜೆ ಬೇರೆಯವರಿಗೆ ಕೊಡ್ತೀವಿ" ಎಂದಿದ್ದರು. ನುಡಿಸುತ್ತೇನೆ ಎಂದೆ. ಇಲ್ಲ ಎನ್ನಲು ಹೆಚ್ಚು ಮಾತು ಬೇಕಾಗುತ್ತಿತ್ತು.

ತೀರಿಕೊಂಡ ನನ್ನ ಗಂಡ ಮೂರು ವರ್ಷ ಕೂತು ಮಾಡಿದ ವಾದ್ಯ ಅದು. ಬಾಗಿಲಿನಷ್ಟು ಅಗಲದ ಹಲಗೆ, ಮೇಲೆ ಇಪ್ಪತ್ತನಾಲ್ಕು ತಾಮ್ರದ ಬಿಲ್ಲೆ. ಒಂದನ್ನು ಒತ್ತಿದರೆ ಸ್ವರ ಹೊರಡುತ್ತದೆ, ಪರದೆಯ ಮೇಲೆ ಬೆಳಕು ಹರಡುತ್ತದೆ, ನೋಡುವವರು ಕೂತ ಬೆಂಚು ನಡುಗುತ್ತದೆ, ಅವರ ಮುಖಕ್ಕೆ ಬಿಸಿಗಾಳಿ ಬೀಸುತ್ತದೆ. ಬೆಳಕಿನ ಭಾಗ ನನ್ನದು; ನಾನು ಓದಿದ್ದು ಉಪಯೋಗಕ್ಕೆ ಬಂದದ್ದು ಅಲ್ಲಿ ಮಾತ್ರ. ಉಳಿದದ್ದೆಲ್ಲ ಅವನದು.

ಒತ್ತಿದೆ. ಏನೂ ಆಗಲಿಲ್ಲ.

"ಜೋರಾಗಿ ಅತ್ತಿಗೆ, ಹಿಟ್ಟು ನಾದೋ ಹಾಗೆ" ಎಂದ ಮೈದುನ. ಅವನು ಎಲೆಕ್ಟ್ರಿಷಿಯನ್, ವೈರು ನೋಡಲು ಬಂದಿದ್ದ.

ಎರಡೂ ಅಂಗೈ ಊರಿದೆ. ಸಣ್ಣ ನರಳಿಕೆಯೊಂದು ಬಂದು ನಿಂತುಹೋಯಿತು. ಮೈದುನನೂ ಒತ್ತಿದ. ಅಷ್ಟೇ.

"ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು" ಎಂದ.

ಕಾರಣ ನನಗೆ ಗೊತ್ತಿತ್ತು. ಹಲಗೆಯ ಅಡಿಯಲ್ಲಿ ಪ್ರತಿ ಬಿಲ್ಲೆಗೂ ಒಂದು ಪುಟ್ಟ ಸ್ಕ್ರೂ. ಎಷ್ಟು ಭಾರಕ್ಕೆ ಬಿಲ್ಲೆ ಓಗೊಡಬೇಕೆಂದು ತೀರ್ಮಾನಿಸುವುದು ಅದು. ನನ್ನ ಗಂಡ ಒಂದೊಂದನ್ನೂ ತನ್ನ ಕೈಗೆ ಹೊಂದಿಸಿಕೊಂಡಿದ್ದ. ಬಾಗಿಲು ಮುಚ್ಚಿದರೆ ಗೋಡೆ ಅದುರುವ ಕೈ. ಹೊಂದಿಸಿದ ಮೇಲೆ ಸ್ಕ್ರೂ ಅಲುಗದಿರಲೆಂದು ಅದರ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಾಕುವುದು ಈ ಕೆಲಸದವರ ರೂಢಿ. ಅವನು ಹಾಕಿದ್ದು ನನ್ನ ಕೆಂಪು ಸೀಸೆಯದನ್ನು. ಈಗ ಸ್ಕ್ರೂ ತಿರುಗಿಸಬೇಕಾದರೆ ಅದನ್ನು ಕೆರೆಯಬೇಕು.

ಚಹಾ ತಂದ ಅತ್ತೆ ಲೋಟಗಳನ್ನು ಕೈಯಲ್ಲೇ ಹಿಡಿದು ನಿಂತರು.

"ಅವನು ಬಿಗಿ ಮಾಡಿಟ್ಟದ್ದನ್ನ ಯಾಕೆ ಬಿಚ್ತೀಯ?"

"ಬಿಚ್ಚದಿದ್ರೆ ಇದು ಮಾತಾಡಲ್ಲ ಅತ್ತೆ."

"ಮಾತಾಡದಿದ್ರೆ ಬೇಡ. ಅವನ ಕೈಯಳತೆ ಅಂತ ಮನೇಲಿ ಇನ್ನೇನಿದೆ? ಅಂಗಿಗಳನ್ನೂ ಕೊಟ್ಟಾಯ್ತು."

"ಕೊಟ್ಟದ್ದು ನೀವೇ."

"ಹೂಂ, ನಾನೇ. ಅದಕ್ಕೇ ಹೇಳ್ತಿರೋದು."

ಮೈದುನ ನಡುವೆ ಬಾಯಿ ಹಾಕಿದ. "ಮೀಟರ್ ಇಟ್ಟು ಅಳೆದು ಬರ್ಕೊಳ್ಳೋಣ ಅಮ್ಮ. ಬೇಕಾದಾಗ ಮತ್ತೆ ಹಾಗೇ ತಿರುಗಿಸಿದ್ರಾಯ್ತು."

"ತಿರುಗಿಸಿದ ಮೇಲೆ ಒತ್ತೋರು ಯಾರು?" ಎಂದೆ.

ಚುಚ್ಚಲೆಂದು ಕೇಳಿದ್ದಲ್ಲ. ನನಗೆ ನಿಜವಾಗಿ ಗೊತ್ತಾಗಬೇಕಿತ್ತು. ಅತ್ತೆ ಲೋಟಗಳನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದರು.

ಹಲಗೆಯ ಕೆಳಗೆ ಅಂಗಾತ ಮಲಗಿ ಕೆರೆದೆ. ಮೊದಲ ಹನಿ ಸಿಪ್ಪೆಯ ಹಾಗೆ ಬಂತು. ಕೆರೆದು ಮುಗಿದ ಮೇಲೆ ನಾನು ಒತ್ತುತ್ತ ಹೋದೆ, ಮೈದುನ ತಿರುಗಿಸುತ್ತ ಬಂದ. "ಸಾಕಾ?" "ಇನ್ನೂ ಚೂರು." "ಸಾಕಾ?" ಸಂಜೆಯೊಳಗೆ ಇಪ್ಪತ್ತನಾಲ್ಕೂ ಮುಗಿದವು. ನೆಲದ ಮೇಲೆ ಬಿದ್ದ ಕೆಂಪು ಚೂರುಗಳನ್ನು ಕಸದ ಜೊತೆ ಗುಡಿಸಿದೆ.

ಶುಕ್ರವಾರ ರಂಗಮಂದಿರದಲ್ಲಿ ತಾಲೀಮು. ಕರೆಯದಿದ್ದರೂ ಅತ್ತೆ ಬಂದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತರು. ನಾನು ಒತ್ತಿದೆ. ಅವರು ಬೆಂಚಿನ ಅಂಚು ಹಿಡಿದುಕೊಂಡರು. ಬಿಸಿಗಾಳಿಗೆ ಹಣೆಯ ಮೇಲಿನ ಬಿಳಿಕೂದಲು ಹಾರಿತು.

"ಏನೇ ಇದು, ಸೊಂಟಕ್ಕೆ ಕಚಗುಳಿ ಇಟ್ಟ ಹಾಗಿದೆ. ಇದಕ್ಕಾ ಅವನು ಮೂರು ವರ್ಷ ತಗೊಂಡಿದ್ದು?"

"ಹೂಂ."

"ಅವನು ನುಡಿಸಿದ್ರೆ ಬೆಂಚೇ ಮುರೀತಿತ್ತು."

ಮೈದುನ ನಕ್ಕ. ಅತ್ತೆ ನಗಲಿಲ್ಲ, ಏಳಲೂ ಇಲ್ಲ. ಚೀಲವನ್ನು ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಒತ್ತು" ಎಂದರು.

ಒತ್ತಿದೆ. ಹನ್ನೊಂದನೆಯ ಬಿಲ್ಲೆ ಉಳಿದವಕ್ಕಿಂತ ತಡವಾಗಿ ಓಗೊಡುತ್ತಿತ್ತು. ಮೈದುನನ ಹತ್ತಿರ ಸ್ಕ್ರೂಡ್ರೈವರ್ ಕೇಳಿದೆ.