ಒಣಗದ ವಾರ್ನಿಶ್

ಎಲ್ಲಿಂದ ಶುರುಮಾಡಲಿ? ಕುರ್ಚಿಯಿಂದಲೋ, ಅದರಲ್ಲಿ ಇನ್ನು ಕೂರದವನಿಂದಲೋ? ಸತ್ತವನಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಕರವಸ್ತ್ರ ಹುಡುಕುತ್ತೀರಿ. ಕುರ್ಚಿಯೇ ಇರಲಿ.

೧

ನೋವಾ ಸ್ಕೋಷಿಯಾದ ಕಡಲದಂಡೆ. ಅಂಗಳದಲ್ಲಿ ಸಿಡಾರ್ ಮರದ ಕುರ್ಚಿ. ಅದರ ವಾರ್ನಿಶ್ ಹಪ್ಪಳದಂತೆ ಎದ್ದಿದೆ. (ಹಪ್ಪಳ ಆ ಊರಲ್ಲಿಲ್ಲ, ನಿಮಗಾಗಿ ತಂದೆ.) ಅದನ್ನು ಕೆರೆಯುತ್ತಾ ಕೂತಿದ್ದಾಳೆ ವರ್ನಾ. ಮೆಟ್ಟಿಲ ಮೇಲೆ ಅಗಸೆ ಎಣ್ಣೆಯ ಡಬ್ಬಿ, ಪಕ್ಕದಲ್ಲಿ ಹೊಸ ವಾರ್ನಿಶ್ ಡಬ್ಬಿ. ಯಾವುದನ್ನು ಬಳಿಯಬೇಕೆಂದು ಬೆಳಗಿನಿಂದ ತೀರ್ಮಾನವಾಗಿಲ್ಲ.

"ಅತ್ತಿಗೇ, ಅದನ್ನ ಒಲೆಗೆ ಹಾಕಿ ಪ್ಲಾಸ್ಟಿಕ್ ಕುರ್ಚಿ ತಗೊಳ್ಳಿ," ಎಂದ ಮೈದುನ ಹಾಲಿಸ್, ಬೇಲಿಯಾಚೆಯಿಂದ.

"ಮೊದಲು ನಿನ್ನ ದೋಣೀನ ಒಲೆಗೆ ಹಾಕು. ಆಮೇಲೆ ನನಗೆ ಬುದ್ಧಿ ಹೇಳುವಿಯಂತೆ."

ಹಾಲಿಸ್ ನಕ್ಕು ಹೋದ. ಈ ಕಥೆಯಲ್ಲಿ ಅವನ ಕೆಲಸ ಇಷ್ಟೇ.

೨

ಹಿನ್ನೆಲೆ ಹೇಳಲೇಬೇಕು. (ಎಡಿಟರ್ ಮುಖ ಸಿಂಡರಿಸಲಿ.) ಕುರ್ಚಿ ಮಾಡಿದವನು ವರ್ನಾಳ ಗಂಡ ಬರ್ಟನ್, ಲಾಬ್‌ಸ್ಟರ್ ಹಿಡಿಯುತ್ತಿದ್ದವನು. ಹಂಗಾಮು ಮುಗಿದು ದೋಣಿಗೆ ಅಗಸೆ ಎಣ್ಣೆ ಹಚ್ಚುವಾಗ, ಉಳಿದ ಎಣ್ಣೆಯನ್ನು ಮೀನಿನ ಖಾಲಿ ಡಬ್ಬಿಗಳಿಗೆ ಸುರಿದು, ಕುರ್ಚಿಯ ನಾಲ್ಕೂ ಕಾಲುಗಳನ್ನು ಅದರಲ್ಲಿ ನಿಲ್ಲಿಸುತ್ತಿದ್ದ. ಮರ ನೀರು ಕುಡಿಯುವುದು ಕಾಲಿನ ತುದಿಯಿಂದ. ಎಣ್ಣೆ ಕುಡಿದ ಮರಕ್ಕೆ ನೀರಿನ ದಾಹವಿಲ್ಲ. ವರ್ನಾಗೆ ಆ ವಾಸನೆ, ಆ ಮಂಕು ಬಣ್ಣ ಆಗಿಬರುತ್ತಿರಲಿಲ್ಲ. ಒಂದು ವರ್ಷ ಅಂಗಳದಲ್ಲೇ ಮಗಳ ಮದುವೆಯಿತ್ತು. ಬರ್ಟನ್ ದೋಣಿಕಟ್ಟೆಗೆ ಹೋದದ್ದೇ ತಡ, ಹಸಿ ಎಣ್ಣೆಯ ಮೇಲೆಯೇ ಹೊಳೆಯುವ ವಾರ್ನಿಶ್ ಬಳಿದಳು. ಹಾಗೆ ಬಳಿದದ್ದು ಬೇಗ ಒಣಗುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ.

ಮದುವೆಯ ದಿನ ಬರ್ಟನ್ ತನ್ನ ಒಂದೇ ಒಂದು ಸೂಟಿನಲ್ಲಿ ಅದರ ಮೇಲೆ ಕೂತ. ಏಳಲು ಹೋದರೆ ಸೂಟು ಏಳಲಿಲ್ಲ. ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವನು ವರ್ನಾಳ ಮುಖ ನೋಡಿದ.

"ಹೊಳಪು ಚೆನ್ನಾಗಿದೆ ಕಣೇ," ಎಂದ.

ಅಷ್ಟೇ. ಆದರೆ ಮುಂದಿನ ವರ್ಷದಿಂದ ಆ ಕುರ್ಚಿಗೆ ಎಣ್ಣೆ ಇಡಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. 'ತಪ್ಪಾಯಿತು' ಎಂಬ ಒಂದು ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಬರ್ಟನ್ ಹೋಗಿಬಿಟ್ಟಿದ್ದ.

೩ (ಒಂದು ಮುಕ್ತಾಯ)

ವರ್ನಾ ಎಣ್ಣೆ ಹಚ್ಚುತ್ತಾಳೆ. ಆ ವಾಸನೆಯಲ್ಲಿ ಬರ್ಟನ್ ಮರಳಿ ಬರುತ್ತಾನೆ. ಕಣ್ಣೀರು.

"ಹೊಡೆದುಹಾಕಿ ಆ ಸಾಲುಗಳನ್ನ," ಎಂದಳು ವರ್ನಾ ನನಗೆ. "ವಾಸನೆಗೆ ಮನುಷ್ಯರು ವಾಪಸ್ ಬರೋದಿದ್ರೆ, ಈ ಊರಿನ ವಿಧವೆಯರೆಲ್ಲ ಎಣ್ಣೆ ಡಬ್ಬಿ ತಬ್ಬಿಕೊಂಡೇ ಕೂತಿರ್ತಿದ್ರು."

ಹೊಡೆದುಹಾಕಿದೆ.

೩ (ಇನ್ನೊಂದು)

ಏನೂ ಬಳಿಯುವುದಿಲ್ಲ. ಬಿಸಿಲಿಗೆ, ಮಂಜಿಗೆ ಮರ ತಾನಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಶಾಂತಿ, ಸಮಾಧಾನ, ಇತ್ಯಾದಿ.

"ಶುದ್ಧ ಸೋಮಾರಿ ನೀವು," ಎಂದಳು. "ಒಂದು ಕೆಲಸ ಮಾಡಿ. ಆ ಮದುವೆ ದಿನಾನ ತಿದ್ದಿ. ಅವನು ನನ್ನನ್ನ ಬೈಯೋ ಹಾಗೆ ಬರೀರಿ. ಒಂದೇ ಸಲ. ಬೈದಿದ್ರೆ ನಾನೂ ತಿರುಗಿ ಬೈದು, ಅತ್ತು, ತಪ್ಪಾಯ್ತು ಅಂದುಬಿಡ್ತಿದ್ದೆ."

ಅದೇನು ಮಹಾ, ಅಂದುಕೊಂಡೆ. ಲೇಖಕನಲ್ಲವೇ ನಾನು!

೨ (ತಿದ್ದಿದ್ದು)

ಸೂಟು ಏಳಲಿಲ್ಲ. ನೆಂಟರು ನಕ್ಕರು. ಬರ್ಟನ್ನನ ಮುಖ ಕೆಂಪಾಯಿತು. (ನಾನೇ ಮಾಡಿದ್ದು.) ದೋಣಿಕಟ್ಟೆಯ ಬೈಗುಳಗಳನ್ನೆಲ್ಲ ಅವನ ಬಾಯಿಗೆ ತುರುಕಿದೆ. ವರ್ನಾ ಕಾದು ನಿಂತಳು.

"ಹೊಳಪು ಚೆನ್ನಾಗಿದೆ ಕಣೇ," ಎಂದ.

ಮತ್ತೆ ಬರೆದೆ. ಮತ್ತೆ ಅದನ್ನೇ ಎಂದ. ನನಗೆ ನಾಚಿಕೆಯಾಯಿತು.

"ಬಿಡಿ, ಅವನು ಹಾಗೇನೇ," ಎಂದಳು ವರ್ನಾ.

ಸಂಖ್ಯೆ ಇಲ್ಲದ್ದು

ಕೆರೆಯಬೇಕಾದ ಹಳೆ ವಾರ್ನಿಶ್ ಇನ್ನೂ ಅರ್ಧ ಉಳಿದಿರುವಾಗಲೇ ಅವಳು ಎದ್ದು ಹೋಗಿ ಮೀನಿನ ಡಬ್ಬಿಗಳನ್ನು ತಂದಳು. ಎಣ್ಣೆ ಸುರಿದಳು. ಮೂರು ಕಾಲುಗಳ ಕೆಳಗೆ ಇಟ್ಟಳು. ನಾಲ್ಕನೆಯ ಡಬ್ಬಿ ಕೈಯಲ್ಲೇ ಉಳಿಯಿತು. ಕುರ್ಚಿ ಓರೆಯಾಗಿ ನಿಂತಿತು.

"ಇಟ್ಟುಬಿಡಿ, ಕಥೆ ಮುಗಿಯಲಿ," ಎಂದೆ.

"ಮುಗಿಸೋಕೆ ನಿಮಗೇನು ಅವಸರ? ಇದನ್ನ ಇಡುವಾಗ ತಪ್ಪಾಯ್ತು ಅನ್ನಬೇಕು. ಅದಕ್ಕೆ ಅವನು ಏನಂತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನ ಇನ್ನೊಂದು ಸಲ ಕೇಳೋ ಧೈರ್ಯ ನನಗಿಲ್ಲ."

ನೀವು ಇದನ್ನು ಓದುತ್ತಿರುವಾಗಲೂ ಡಬ್ಬಿ ಅವಳ ಕೈಯಲ್ಲೇ ಇದೆ.